ಕೆಂಪು ಗುರುತಿನ ನಲ್ಲಿ

ಚಪ್ಪಲಿಯ ಸದ್ದಿಗೆ ಅಪ್ಪ ಎದ್ದಾರೆಂದು ದರ್ಶನ್ ಬರಿಗಾಲಲ್ಲೇ ಟೆರೇಸ್ ಹತ್ತಿದ್ದ. ಸಂಕ್ರಾಂತಿ ಕಳೆದು ಇನ್ನೂ ವಾರವಾಗಿರಲಿಲ್ಲ. ಸಿಮೆಂಟಿನ ಚಳಿ ಹಿಮ್ಮಡಿಯಿಂದ ಮೊಣಕಾಲಿಗೆ ಏರುತ್ತಿತ್ತು. ಹೊಸಹಳ್ಳಿಯ ಮನೆಗಳ ನೆತ್ತಿಯ ಮೇಲೆಲ್ಲ ಕಪ್ಪು ಟ್ಯಾಂಕುಗಳು, ಅವುಗಳ ನಡುವೆ ಅಲ್ಲೊಂದು ಇಲ್ಲೊಂದು ಗಾಜಿನ ಹಲಗೆ ಹೊತ್ತ ಸೋಲಾರ್ ಹೀಟರುಗಳು. ನಸುಬೆಳಕಿನಲ್ಲಿ ಅವು ಯಾರಿಗೋ ಕಾಯುತ್ತ ಕುಕ್ಕರಗಾಲಲ್ಲಿ ಕೂತವರ ಹಾಗೆ ಕಂಡವು. ಅದರಲ್ಲಿ ಎಷ್ಟೋ ಅವನೇ ಮಾರಿದ್ದವು. ಎದುರಿಗಿದ್ದದ್ದಂತೂ ಅವನು ಮಾರಿದ ಮೊಟ್ಟಮೊದಲನೆಯದು, ಮಾರಿದ್ದು ಸ್ವಂತ ಅಪ್ಪನಿಗೆ.

ಹೀಟರಿನ ಬುಡದಲ್ಲಿ ಎರಡು ವಾಲ್ವ್‌ಗಳಿದ್ದವು. ಒಂದನ್ನು ತೆರೆದರೆ ಮೇಲಿನ ಮಹಡಿಗಳ ಬಾಡಿಗೆದಾರರ ಬಚ್ಚಲಲ್ಲಿರುವ ಕೆಂಪು ಗುರುತಿನ ನಲ್ಲಿಗೆ ಸೋಲಾರಿನ ಬಿಸಿನೀರು ಹೋಗುತ್ತಿತ್ತು. ಅದನ್ನು ಮುಚ್ಚಿ ಇನ್ನೊಂದನ್ನು ತೆರೆದರೆ ಅದೇ ನಲ್ಲಿಗೆ ಕಪ್ಪು ಟ್ಯಾಂಕಿನ ತಣ್ಣೀರು. ಹೀಟರು ಕೆಟ್ಟಾಗ ಬೇಕಾಗುತ್ತದೆಂದು ದರ್ಶನ್ ಮಾಡಿದ್ದ ಏರ್ಪಾಡು ಇದು. ಗೃಹಪ್ರವೇಶದ ಮಾರನೇ ದಿನವೇ ಅಪ್ಪ ಬೈರಪ್ಪ ಮೇಲೆ ಹತ್ತಿ ತಣ್ಣೀರಿನ ಕಡೆಗೆ ತಿರುಗಿಸಿ ಬಂದಿದ್ದರು.

"ಬಾಡಿಗೆಯೋರ್ಗೆ ಒಂದ್ಸಲ ಬಿಸ್ನೀರಿನ್ ರುಚಿ ಹತ್ಸುದ್ರೆ ತಲೆ ಮೇಲ್ ಕೂತ್ಕತಾರೆ. ಬಕೀಟ್ಗೆ ಕಾಯಿಲ್ ಇಟ್ಕಳ್ಲಿ ಬುಡು. ಅವ್ರ ಮೀಟ್ರು, ಅವ್ರ ಕರೆಂಟು."

ಕೆಳಗಿನ ಸ್ವಂತ ಮನೆಯಲ್ಲಾದರೂ ಆ ನೀರು ಬಳಕೆಯಾಗುತ್ತಿತ್ತೇ? ಅವ್ವ ಮುನಿತಾಯಮ್ಮ ಹಿತ್ತಿಲಿನ ಬಚ್ಚಲಲ್ಲಿ ತಾಮ್ರದ ಹಂಡೆಗೆ ಇವತ್ತಿಗೂ ತೆಂಗಿನ ಗರಿ, ಮರದ ಮಿಲ್ಲಿನ ಚಕ್ಕೆ ಒಟ್ಟುತ್ತಿದ್ದಳು. ಹೊಗೆಯ ವಾಸನೆಯಿಲ್ಲದ ನೀರು ಮೈಗೆ ಹತ್ತುವುದಿಲ್ಲ ಎಂಬುದು ಅವಳ ಮಾತು. ಹೀಗಾಗಿ ಸೂರ್ಯ ದಿನವೂ ತಪ್ಪದೆ ಬಂದು ನೀರು ಕಾಯಿಸಿ ಹೋಗುತ್ತಿದ್ದ. ಯಾರೂ ಕೇಳದ ಆ ಬಿಸಿ ಟ್ಯಾಂಕಿನೊಳಗೇ ಕುದ್ದು, ಗಾಳಿಕೊಳವೆಯಲ್ಲಿ ಆವಿಯಾಗಿ ನಿಟ್ಟುಸಿರು ಬಿಡುತ್ತಿತ್ತು.

ದರ್ಶನ್ ಒಂದನ್ನು ಮುಚ್ಚಿ ಇನ್ನೊಂದನ್ನು ತೆರೆದ. ಪೈಪಿನೊಳಗೆ ಏನೋ ಗುಟುಕರಿಸಿತು.

ಹಿಂದಿನ ಸಂಜೆ ಫೋನ್ ಬಂದಿತ್ತು. "ನಾನು ಅಲಮೇಲು, ಸೋಲಾರ್ ಇನ್‌ಸ್ಪೆಕ್ಷನ್. ನಿಮ್ಮ ಲಿಸ್ಟಲ್ಲಿ ಮೊದಲ್ನೇ ಹೆಸ್ರು ಬೈರಪ್ಪ, ಹೊಸಹಳ್ಳಿ ಅಂತಿದೆ. ನಾಳೆ ಬೆಳಿಗ್ಗೆ ಅಲ್ಲಿಂದ್ಲೇ ಶುರು ಮಾಡೋಣ." ಅದು ನಮ್ಮಪ್ಪನ ಮನೆ ಎಂದು ಹೇಳಬೇಕೆಂದುಕೊಳ್ಳುವಷ್ಟರಲ್ಲಿ ಫೋನ್ ಕಟ್ಟಾಗಿತ್ತು.

ಮುಂಚೆ ಈ ತಪಾಸಣೆ ಎಂದರೆ ಯಾರೋ ಒಬ್ಬರು ಬಂದು, ಚಾವಣಿಯ ಮೇಲಿನ ಹೀಟರಿನ ಫೋಟೊ ಹೊಡೆದುಕೊಂಡು, ಅಂಗಡಿಯಲ್ಲಿ ಟೀ ಕುಡಿದು ಹೋಗುವುದಾಗಿತ್ತು. ಬೆಳಗಿನ ಹೊತ್ತು ಊರೆಲ್ಲ ನೀರು ಕಾಯಿಸಲು ಎಳೆಯುವ ಕರೆಂಟು ಉಳಿಯಲಿ ಎಂದು ಸರ್ಕಾರ ಹೀಟರುಗಳಿಗೆ ಕೊಡುತ್ತಿದ್ದ ಸಬ್ಸಿಡಿಯ ತಪಾಸಣೆ ಅದು. ಹೀಟರುಗಳು ಚಾವಣಿ ಏರುತ್ತಲೇ ಇದ್ದವು, ಬೆಳಗಿನ ಕರೆಂಟು ಮಾತ್ರ ಇಳಿದಿರಲಿಲ್ಲ. ಈಗ ಮೇಲಿನವರಿಗೆ ಅನುಮಾನ ಬಂದು, ಈ ಅಲಮೇಲು ಎಂಬ ಇಂಜಿನಿಯರನ್ನು ಕಳಿಸಿದ್ದರು. ಆಕೆ ಫೋಟೊ ಹೊಡೆಯುತ್ತಿರಲಿಲ್ಲ. ನೇರ ಬಾಡಿಗೆಯವರ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಕೈ ಒಡ್ಡುತ್ತಿದ್ದಳು. ಅತ್ತಿಗುಪ್ಪೆಯ ಒಬ್ಬ ಡೀಲರ್, ನಂದಿನಿ ಲೇಔಟಿನ ಇನ್ನೊಬ್ಬ ಆಗಲೇ ಪಟ್ಟಿಯಿಂದ ಹೊರಬಿದ್ದಿದ್ದರು. ಪಟ್ಟಿಯಲ್ಲಿರುವ ಅಂಗಡಿಯಲ್ಲಿ ಕೊಂಡರಷ್ಟೇ ಸಬ್ಸಿಡಿ. ಪಟ್ಟಿಯಿಂದ ಬಿದ್ದವನ ಅಂಗಡಿ ಮುಂದೆ ಜನ ಬಸ್ಸಿಗೆ ಕಾಯಲು ನಿಲ್ಲುತ್ತಾರೆಯೇ ಹೊರತು ಒಳಗೆ ಬರುವುದಿಲ್ಲ.

ಪೀಣ್ಯದ ಫ್ಯಾಕ್ಟರಿಯ ಕೆಲಸ ಬಿಟ್ಟು, ಅಪ್ಪನ ಜೊತೆ ಜಗಳವಾಡಿ ವಿಜಯನಗರದಲ್ಲಿ ತೆರೆದಿದ್ದ ಅಂಗಡಿ. "ತಗಡು ಮಾರಕ್ ಹೋಯ್ತಾನಂತೆ" ಎಂದು ಅಪ್ಪ ಬೀದಿಯ ತುಂಬ ಹೇಳಿಕೊಂಡು ತಿರುಗಿದ್ದರು. ಅದನ್ನು ಮುಚ್ಚಿ ಮನೆಗೆ ಬಂದರೆ ಏನು ಕಾದಿದೆ ಎಂಬುದು ದರ್ಶನ್‌ಗೆ ಗೊತ್ತಿತ್ತು: ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿ, ಕೈಯಲ್ಲಿ ಪೇಪರು, ತಿಂಗಳ ಮೊದಲಿಗೆ ಬಾಡಿಗೆ ವಸೂಲಿ. ಅಪ್ಪನ ಪಕ್ಕ, ಅಪ್ಪನ ಹಾಗೆಯೇ.

ಅವನ ಲೆಕ್ಕಾಚಾರ ಸರಳವಾಗಿತ್ತು. ಅಪ್ಪ ಬೆಳಿಗ್ಗೆಯೇ ಕೆಂಗೇರಿ ಕಡೆಯ ಸೈಟಿಗೆ ಬೇಲಿ ಹಾಕಿಸಲು ಹೊರಡುತ್ತಾರೆ. ಮೇಡಂ ಬರುತ್ತಾರೆ, ಕೈ ಒಡ್ಡುತ್ತಾರೆ, ಬಿಸಿನೀರು ಬರುತ್ತದೆ, ಹೋಗುತ್ತಾರೆ. ಅಪ್ಪ ವಾಪಸ್ ಬರುವಷ್ಟರಲ್ಲಿ ವಾಲ್ವ್ ಮೊದಲಿನಂತಾಗಿರುತ್ತದೆ. ಬಾಡಿಗೆಯವರಿಗೆ ಗೊತ್ತೂ ಆಗುವುದಿಲ್ಲ.

ಅಪ್ಪ ಹೊರಟ ಮೇಲೆ ದರ್ಶನ್ ಹಿತ್ತಿಲ ಕಟ್ಟೆಯ ಮೇಲೆ ಕೂತು ಕಾಫಿ ಕುಡಿಯುತ್ತಿದ್ದ. ಹಂಡೆಯ ಹೊಗೆ ಕಣ್ಣಿಗೆ ಬರುತ್ತಿತ್ತು. ಆಗ ಮೊದಲನೇ ಮಹಡಿಯ ಬಚ್ಚಲ ಕಿಟಕಿಯಿಂದ ಬಾಣಂತಿಯ ತಾಯಿ ಅಕ್ಕವ್ವನ ದನಿ ಕೇಳಿತು.

"ಬಾರವ್ವ ಗುರುದೇವಿ, ನೀರು ಕುದ್ದಾವು. ಕೂಸಿನ್ನ ಮೊದಲ ಕಾಲಮ್ಯಾಲ ಹಾಕ್ಕೊಂತೀನಿ. ತಣ್ಣೀರ ಬೆರಸೂದೊಂದ ಬಾಕಿ."

ಲೋಟ ದರ್ಶನ್‌ನ ತುಟಿಯ ಹತ್ತಿರವೇ ನಿಂತಿತು.

ಮೊದಲನೇ ಮಹಡಿಯಲ್ಲಿದ್ದವನು ಗದಗಿನ ಕಡೆಯ ಫಕೀರೇಶ, ರಾಜಾಜಿನಗರದ ಲೇತ್ ವರ್ಕ್‌ಶಾಪಿನಲ್ಲಿ ಕೆಲಸ. ಅವನ ಹೆಂಡತಿ ಗುರುದೇವಿ ಹೆರಿಗೆಗೆ ತವರಿಗೆ ಹೋಗಬೇಕಿತ್ತು. ಡಾಕ್ಟರು ಪ್ರಯಾಣ ಬೇಡವೆಂದದ್ದರಿಂದ ತವರೇ ಬಸ್ಸು ಹತ್ತಿ ಇಲ್ಲಿಗೆ ಬಂದಿತ್ತು. ಹೆರಿಗೆಯಾದಂದಿನಿಂದ ದಿನವೂ ಅವಳ ತಾಯಿ ಅಕ್ಕವ್ವನ ಕೈಯಲ್ಲಿ ಬಾಣಂತಿ ಸ್ನಾನ. ಬಕೆಟ್ಟಿನಲ್ಲಿ ಕಾಯಿಲ್, ಪಂಪ್ ಸ್ಟವ್ ಮೇಲೆ ದೊಡ್ಡ ಬೋಗುಣಿ, ಕುದಿ ಬಂದ ಮೇಲೆ ಹದಕ್ಕೆ ತರಲು ತಣ್ಣೀರು. ತಣ್ಣೀರು ಎಂದರೆ ಆ ಮನೆಯಲ್ಲಿ ಕೆಂಪು ಗುರುತಿನ ನಲ್ಲಿ. ನೀಲಿ ಗುರುತಿನದು ಮೂಲೆಯಲ್ಲಿ ತೂಗಿಕೊಂಡು ಹನಿಯುತ್ತಿತ್ತು. ಕೈಗೆ ಎಟಕುವಂತಿದ್ದದ್ದು ಕೆಂಪಿನದೇ. ಎರಡರಲ್ಲೂ ಬರುವುದು ಒಂದೇ ನೀರು ಎಂದ ಮೇಲೆ ಬಣ್ಣ ಯಾರಿಗೆ ಬೇಕು?

ಲೋಟ ಕಟ್ಟೆಯ ಮೇಲೆ ಉರುಳಿತು. ದರ್ಶನ್ ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಿದ. ಕುದಿಯುವ ನೀರಿಗೆ ಅವರು ಈಗ ಬೆರೆಸುವುದು ಕುದಿಯುವ ನೀರನ್ನೇ.

ಬಾಗಿಲು ತೆರೆದೇ ಇತ್ತು. ಒಳಗೆ ಕಾಲಿಡಲು ಹೋದವನು ಹೊಸ್ತಿಲಲ್ಲೇ ಗಕ್ಕನೆ ನಿಂತ. ಬಾಣಂತಿಯ ಮನೆ. ಬಚ್ಚಲ ಬಾಗಿಲಿಗೆ ಹಳೆ ಸೀರೆಯ ಪರದೆ, ಅದರ ಹಿಂದೆ ಬಾಣಂತಿ. ಫಕೀರೇಶ ಕೂಡ ಈ ಹೊತ್ತಿಗೆ ಮನೆಯೊಳಗೆ ಇರುವಂತಿಲ್ಲವೆಂದು ಅಕ್ಕವ್ವ ಅವನನ್ನು ಡ್ಯೂಟಿಗೆ ಅಟ್ಟಿಬಿಡುತ್ತಿದ್ದಳು. ಓನರ್ ಮಗ ನುಗ್ಗಿದರೆ?

"ಅಕ್ಕವ್ವಾ! ಕೆಂಪ್ ನಲ್ಲಿ ತಿರುಗಿಸ್ಬೇಡಿ!"

ಪಂಪ್ ಸ್ಟವ್ ಬಸ್ಸಿನ ಇಂಜಿನಿನಂತೆ ಅಬ್ಬರಿಸುತ್ತಿತ್ತು.

"ಅಕ್ಕವ್ವಾ, ನಲ್ಲಿ! ಕೆಂಪುದು!"

ಪರದೆಯ ಹಿಂದೆ ನೀರು ಬಕೆಟ್ಟಿಗೆ ಬೀಳುವ ಸದ್ದು ಕೇಳಿತು. ಆಮೇಲೆ ಮಗು ಕಿಟಾರನೆ ಚೀರಿತು. ಮೀಯಿಸುವಾಗ ಮಕ್ಕಳೆಲ್ಲ ಚೀರುತ್ತವೆ, ದರ್ಶನ್ ದಿನವೂ ಕೇಳಿದ್ದ ಚೀರಾಟವೇ ಇದು. ಇದು ಅದೇ ಚೀರಾಟವೋ ಬೇರೆಯೋ ಎಂದು ಅವನ ಕಿವಿ ಹುಡುಕುತ್ತಿರುವಾಗಲೇ ಮಗು ಸುಮ್ಮನಾಯಿತು. ಅವನಿಗೆ ಆ ಮೌನವನ್ನು ತಡೆಯಲಾಗಲಿಲ್ಲ. ಕಣ್ಣು ಮುಚ್ಚಿಕೊಂಡು ಹೊಸ್ತಿಲು ದಾಟಿದ, ಗೋಡೆ ಸವರುತ್ತ ಸ್ಟವ್ ಇದ್ದ ಕಡೆ ನಡೆದ, ಎದುರಿಗೆ ಬಂದ ಯಾರಿಗೋ ಢಿಕ್ಕಿ ಹೊಡೆದ.

"ಯಪ್ಪಾ ತಮ್ಮಾ! ಕಣ್ಣ ಮುಚ್ಚಿಕೊಂಡ ಯಾರ ಮನಿಗೆ ಬಂದಿ?"

ಕಣ್ಣು ಬಿಟ್ಟರೆ ಅಕ್ಕವ್ವ ನಿಂತಿದ್ದಳು. ಸೀರೆ ಮೊಣಕಾಲಿನವರೆಗೆ ಸಿಕ್ಕಿಸಿದ್ದಳು, ಎಡಪಾದ ಕೆಂಪಗೆ ಕೆಂಡದಂತಾಗಿತ್ತು. ತೋಳಲ್ಲಿ ಬಟ್ಟೆ ಸುತ್ತಿದ ಮಗು, ಎಣ್ಣೆಯಲ್ಲಿ ಮಿರುಗುತ್ತಿತ್ತು, ಇನ್ನೂ ನೀರು ಸೋಕಿರಲಿಲ್ಲ.

"ಕೂಸು? ಕೂಸಿಗೇನಾಯ್ತು?"

"ಕೂಸಿಗೇನಾಕ್ಕೈತಿ? ಇನ್ನೂ ಹಾಕೇ ಇಲ್ಲ. ಮೊದಲನೇ ತಂಬಗಿ ನನ್ನ ಕಾಲಿಗೆ ಹಾಕ್ಕೊಂಡ್ ನೋಡಿನಽ ಕೂಸಿಗೆ ಹಾಕೂದು ನಾನು. ಇವತ್ತ ಹಾಕ್ಕೊಂಡ್ನಿ ನೋಡು, ಜೀವ ಹೋತು! ಇದೇನ್ ನೀರೋ ಬೆಂಕಿಯೋ? ಆ ನಳದಾಗ ಎಲ್ಲಿಂದ ಬಂದ್ವು?"

ದರ್ಶನ್ ಗೋಡೆಗೆ ಒರಗಿದ. "ಸೋಲಾರ್ ನೀರು ಅಕ್ಕವ್ವ. ಇವತ್ತು... ಬಿಟ್ಟಿದೀನಿ. ಕಾಲಿಗೆ ಏನಾದ್ರೂ ಹಚ್ಕೊಳಿ, ಬೊಬ್ಬೆ ಬರುತ್ತೆ."

"ಇವತ್ತಷ್ಟಽ?"

ಅಕ್ಕವ್ವ ಬಕೆಟ್ಟಿನಲ್ಲಿ ಮುಳುಗಿದ್ದ ಕಾಯಿಲಿನ ಸ್ವಿಚ್ ಆರಿಸಿ, ಅದನ್ನು ಎತ್ತಿ ಮೊಳೆಗೆ ತಗುಲಿಹಾಕಿದಳು. ಅದರ ಪ್ಲಗ್ ಸುಟ್ಟು ಕಪ್ಪಾಗಿತ್ತು. "ದಿನಾ ಇದನ್ನ ಹಚ್ಚೂವಾಗ ಜೀವ ಕೈಯಾಗ ಹಿಡಕೊಂಡಽ ಹಚ್ಚತಿದ್ನಿ. ಹೋಗ್ ನಡಿ ಇನ್ನ ನೀನು. ಬಾಣಂತಿ ಎಷ್ಟೊತ್ತ ಕುಂದ್ರಬೇಕು?"

ಕೆಳಗಿಳಿಯುವಾಗ ಅವನಿಗೆ ನಗು ಬಂತು, ಅಳುವಿನ ಹಾಗಿದ್ದ ನಗು. ಮೂರು ಮೆಟ್ಟಿಲು ಇಳಿಯುವಷ್ಟರಲ್ಲಿ ಅದೂ ನಿಂತಿತು. ಮೇಲೆ ಅಕ್ಕವ್ವ ಕಿಟಕಿಗೆ ಬಾಯಿಟ್ಟು ಕೂಗುತ್ತಿದ್ದಳು:

"ಲಿಂಗಪ್ಪಣ್ಣಾರ! ನಳದಾಗ ಬಿಸಿನೀರ ಬರಾಕತ್ತಾವ, ಸುಡುಸುಡು! ಶಿಲ್ಪಾ, ಹಿಡಕೋರೇ ಹುಡುಗೇರಾ, ಇವತ್ತಷ್ಟಽ ಅಂತ!"

ಆಮೇಲೆ ಶುರುವಾಯಿತು. ಎರಡನೇ ಮಹಡಿಯಲ್ಲಿ ಸೊಂಟನೋವಿನ ಲಿಂಗಪ್ಪ ಬಕೆಟ್ಟು ಎಳೆದ ಸದ್ದು. ಅದರ ಮೇಲೆ, ನರ್ಸಿಂಗ್ ಓದುವ ಶಿಲ್ಪಾ ಮತ್ತವಳ ಗೆಳತಿಯರ ರೂಮಿನಲ್ಲಿ "ನಾನ್ ಫಸ್ಟ್, ನಾನ್ ತಲೆಗ್ ಹಾಕೋಬೇಕು" ಎಂಬ ಗಲಾಟೆ. ಗೋಡೆಯೊಳಗಿನ ಪೈಪುಗಳು ಗುಳುಗುಳು ಎಂದವು, ನರಳಿದವು, ಓಡಿದವು. ಈ ಕಟ್ಟಡಕ್ಕೆ ಒಂದು ಹೊಟ್ಟೆಯಿದೆ, ಅದು ಇಷ್ಟು ದಿನ ಹಸಿದಿತ್ತು ಎಂದು ದರ್ಶನ್‌ಗೆ ಅನ್ನಿಸಿತು. ಒಬ್ಬೊಬ್ಬರೂ ಮೀಯುವ ಸದ್ದಿಗೆ ಅವನ ಟ್ಯಾಂಕಿನ ಬಿಸಿ ಇಳಿಯುತ್ತಿತ್ತು. ಬಿಸಿನೀರು ಹೋದಷ್ಟೂ ಆ ಜಾಗಕ್ಕೆ ತಣ್ಣೀರು ಬಂದು ತುಂಬುತ್ತದೆ. ಮೇಡಂ ಬರುವಷ್ಟರಲ್ಲಿ ಉಳಿಯುವುದು ಅದೊಂದೇ.

ನಿಲ್ಲಿಸಿ ಎಂದು ಮೇಲೆ ಹೋಗಿ ಹೇಳಬಹುದಿತ್ತು. ಏನಂತ ಹೇಳುವುದು? ನೀವು ದಿನಾ ಬಿಸಿನೀರು ಬಳಸುತ್ತೀರಿ ಎಂದು ತೋರಿಸಬೇಕಾಗಿದೆ, ಆದ್ದರಿಂದ ದಯವಿಟ್ಟು ಬಳಸಬೇಡಿ ಎಂದೇ? ಮೆಟ್ಟಿಲ ಬುಡದವರೆಗೆ ಹೋದ, ಬಂದ. ಮತ್ತೆ ಹೋದ. ಮೇಲಿನಿಂದ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಏನನ್ನೋ ಬಡಿಯುವ ಸದ್ದು ಕೇಳಿತು. ಲಿಂಗಪ್ಪ ಮಿಂದು ಮುಗಿಸಿ ಈಗ ಬಿಸಿನೀರಲ್ಲಿ ರಗ್ಗು ಒಗೆಯುತ್ತಿದ್ದ.

"ಯಾಕ್ಲಾ ಗಾಣದೆತ್ತಿನಂಗೆ ಸುತ್ತುತಾ ಇದೀಯ?" ಎಂದಳು ಮುನಿತಾಯಮ್ಮ, ಹಂಡೆಯ ಒಲೆಗೆ ಗರಿ ತುರುಕುತ್ತ. "ಬಾ, ನೀರ್ ಕಾದೈತೆ, ಉಯ್ಕೊ."

"ಅವ್ವಾ, ಇವತ್ತೊಂದಿನ ಈ ಒಲೆ ಆರ್ಸು. ಯಾರೋ ಬರ್ತಾರೆ."

"ಬಂದ್ರೆ ಬರ್ಲಿ. ಅವ್ರ್ಗೂ ಒಂದ್ ಚೊಂಬ್ ಕೊಟ್ರಾಯ್ತು."

ಸ್ಕೂಟಿ ಗೇಟಿನ ಮುಂದೆ ನಿಂತಾಗ ಹೊಗೆ ಹಿತ್ತಿಲಿಂದ ಮುಂಬಾಗಿಲಿನವರೆಗೆ ಹರಡಿತ್ತು. ಅಲಮೇಲು ಹೆಲ್ಮೆಟ್ ತೆಗೆದಳು. ನಲವತ್ತರ ಆಸುಪಾಸಿನ ಹೆಂಗಸು, ಸೀರೆಯ ಮೇಲೆ ಸ್ವೆಟರು, ಅದರ ಬಲತೋಳನ್ನು ಆಗಲೇ ಮೊಣಕೈಗೆ ಮಡಚಿಕೊಂಡಿದ್ದಳು. ಮೂಗು ಎತ್ತಿ ಮೂಸಿದಳು.

"ಸೋಲಾರ್ ಇರೋ ಮನೇಲಿ ಹಂಡೆ ಉರೀತಿದ್ಯಲ್ಲ?"

"ಅದು ನಮ್ಮವ್ವ... ಅಂದ್ರೆ, ಓನರ್ ನಮ್ಮಪ್ಪ ಮೇಡಂ."

"ಓಹೋ." ಅಲಮೇಲು ಮೆಟ್ಟಿಲ ಕಡೆ ತಿರುಗಿದಳು. "ಬಾಡಿಗೆಯವರ ಮನೆ ತೋರ್ಸಿ."

ಅಕ್ಕವ್ವ ಬಾಗಿಲು ತೆರೆದಳು. ಮಗು ಸಾಂಬ್ರಾಣಿ ಹೊಗೆಯ ಘಮದಲ್ಲಿ ಮಲಗಿತ್ತು; ಗುರುದೇವಿ ತಲೆಗೆ ಬಟ್ಟೆ ಕಟ್ಟಿಕೊಂಡು ಗೋಡೆ ಕಡೆ ತಿರುಗಿದ್ದಳು. ಅಲಮೇಲು ಬಚ್ಚಲಿಗೆ ಹೋಗಿ ಕೆಂಪು ಗುರುತಿನ ನಲ್ಲಿ ತಿರುಗಿಸಿ ಕೈ ಒಡ್ಡಿದಳು. ನೀರು ಬಂತು. ಅವಳು ಕಾದಳು. ದರ್ಶನ್ ಆ ಕೈಯನ್ನೇ ನೋಡುತ್ತಿದ್ದ, ತನ್ನದೇ ನಾಡಿ ಹಿಡಿದಿದೆ ಎಂಬಂತೆ. ನೀರು ಉಗುರುಬೆಚ್ಚಗಿದ್ದದ್ದು ತಣ್ಣಗಾಯಿತು. ತಣ್ಣಗೇ ಬಂತು. ಅಲಮೇಲು ನಲ್ಲಿ ಮುಚ್ಚಿ, ಮೊಳೆಯಲ್ಲಿ ತೂಗುತ್ತಿದ್ದ ಕಾಯಿಲನ್ನೂ ಸುಟ್ಟ ಪ್ಲಗ್ಗನ್ನೂ ನೋಡಿದಳು.

"ಇವತ್ತ ಬಂದಿದ್ವ್ರೀ ಬಾಯಾರ," ಎಂದಳು ಅಕ್ಕವ್ವ, ಯಾರೂ ಕೇಳುವ ಮೊದಲೇ. ಸೀರೆಯ ಅಂಚು ಎತ್ತಿ ಪಾದ ಮುಂದಿಟ್ಟಳು. ಬೊಬ್ಬೆಗಳು ಎದ್ದಿದ್ದವು. "ಸುಳ್ಳಲ್ಲ, ನೋಡ್ರಿ ಬೇಕಾರ."

ಅಲಮೇಲು ಬಗ್ಗಿ ನೋಡಿದಳು. "ಅಯ್ಯೋ. ಸರಿ, ಇವತ್ತು ಬಂತು. ನಿನ್ನೆ?"

ಅಕ್ಕವ್ವ ಬಾಯಿ ತೆರೆದಳು, ದರ್ಶನ್‌ನ ಮುಖ ನೋಡಿದಳು, ಮುಚ್ಚಿದಳು. ಆ ನೋಟ ಅವನಿಗೆ ಚೆನ್ನಾಗಿ ಗೊತ್ತಿತ್ತು. ಬೆಳಗಿನಿಂದ ಅವನೇ ಹೊತ್ತು ತಿರುಗುತ್ತಿದ್ದ ನೋಟ ಅದು. ಅವನು ಅಂಗಡಿಯನ್ನು ನೆನೆದು ನಡುಗುತ್ತಿದ್ದ. ಅವಳು ಹಸಿಬಾಣಂತಿಯನ್ನು ಕಟ್ಟಿಕೊಂಡು ಬೇರೆ ಮನೆ ಹುಡುಕುವುದನ್ನು ನೆನೆದು ನಡುಗುತ್ತಿದ್ದಳು. ಹೌದೆಂದರೆ ಸುಳ್ಳು, ಇಲ್ಲವೆಂದರೆ ಓನರ್. ಅವನು ಸುಮ್ಮನಿದ್ದರೆ ಸಾಕಿತ್ತು, ಅವಳು ಹೌದು ಎಂದೇ ಹೇಳುತ್ತಿದ್ದಳು.

"ನಿನ್ನೆ ಇರ್ಲಿಲ್ಲ ಮೇಡಂ," ಎಂದುಬಿಟ್ಟ ದರ್ಶನ್. "ಯಾವತ್ತೂ ಇರ್ಲಿಲ್ಲ. ನೀವ್ ಬರ್ತೀರಾ ಅಂತ ಬೆಳಿಗ್ಗೆ ನಾನೇ ಬಿಟ್ಟಿದ್ದು. ಎಲ್ಲಾರೂ ಸ್ನಾನ ಮಾಡ್ಬಿಟ್ರು."

ಮೆಟ್ಟಿಲಲ್ಲಿ ಚಪ್ಪಲಿ ಸದ್ದಾಯಿತು. ಬೇಲಿ ಹಾಕುವವನು ಕೈಕೊಟ್ಟಿದ್ದರಿಂದ ಬೈರಪ್ಪ ಅರ್ಧ ದಾರಿಯಿಂದಲೇ ವಾಪಸಾಗಿದ್ದರು. "ಯಾವನ್ಲಾ ವಾಲ್ವ್ ಮುಟ್ಟಿರೋದು? ಆ ಲಿಂಗಪ್ಪ ರಗ್ಗು ಬೇರೆ ಒಗ್ದವ್ನೆ ಬಿಸ್ನೀರಲ್ಲಿ!" ಎಂದು ಕೂಗುತ್ತ ಬಂದವರು ಬಾಗಿಲಲ್ಲಿ ಅಪರಿಚಿತ ಹೆಂಗಸನ್ನು ಕಂಡು ದನಿ ಇಳಿಸಿದರು. "ಯಾರಮ್ಮ ನೀವು?"

"ನಿಮ್ಮ ಹೀಟರ್‌ಗೆ ಸಬ್ಸಿಡಿ ಕೊಟ್ಟಿದಾರಲ್ಲ ಸಾರ್, ಅವರ ಕಡೆಯವಳು. ರಗ್ಗು ಒಗೆದ್ರಾ?" ಅಲಮೇಲುವಿನ ಮುಖದಲ್ಲಿ ಮೊದಲ ಸಲ ಏನೋ ಸಡಿಲವಾಯಿತು. "ಈ ವಾರ ಎಷ್ಟು ಮನೆ ನೋಡಿದೀನಿ. ಈ ಹೊತ್ತಲ್ಲಿ ನಲ್ಲಿ ತಿರುಗಿಸಿದ್ರೆ ಕೈ ಸುಡೋ ನೀರು. ಡೀಲರ್‌ಗಳಿಗೆ ಏನ್ ಖುಷಿ ಅಂತೀರಾ! ಬೆಳಿಗ್ಗೆ ಎಲ್ಲರೂ ಮಿಂದಾದ್ಮೇಲೂ ಟ್ಯಾಂಕ್ ತುಂಬಾ ಬಿಸಿನೀರು ಉಳಿದಿದೆ ಅಂದ್ರೆ ಯಾರೂ ಅದ್ರಲ್ಲಿ ಮಿಂದೇ ಇಲ್ಲ ಅಂತ ತಾನೆ? ತಣ್ಣೀರು ಬಂದಿದ್ದು ಇದೇ ಮೊದಲ ಮನೆ."

ದರ್ಶನ್ ಒಂದು ಹೆಜ್ಜೆ ಮುಂದೆ ಬಂದ. "ಹಾಗಾದ್ರೆ ಮೇಡಂ, ಲಿಸ್ಟಲ್ಲಿ ನನ್ ಹೆಸ್ರು..."

"ಇವತ್ತೊಂದಿನ ಮಿಂದಿದಾರೆ. ಒಂದಿನದ ಸ್ನಾನಕ್ಕೆ ಸಬ್ಸಿಡಿ ಕೊಡಲ್ಲ ಯಾರೂ." ಅವಳು ಸ್ವೆಟರಿನ ತೋಳು ಕೆಳಗೆಳೆದಳು. "ಸದ್ಯಕ್ಕೆ ಏನೂ ಬರೆಯಲ್ಲ ನಾನು. ಇನ್ನೊಂದ್ಸಲ ಬರ್ತೀನಿ."

"ಯಾವತ್ತು ಮೇಡಂ?"

"ಅದನ್ನ ನಿನ್ನೆ ಹೇಳಿದ್ದಕ್ಕೇ ಅಲ್ವೇ ಇವರ ಕಾಲು ಸುಟ್ಟಿದ್ದು?"

ಸ್ಕೂಟಿಯ ಸದ್ದು ತಿರುವಿನಲ್ಲಿ ಮರೆಯಾಗುವ ಮೊದಲೇ ಬೈರಪ್ಪ ಟೆರೇಸಿಗೆ ಹೊರಟಿದ್ದರು. ದರ್ಶನ್ ಸ್ಪ್ಯಾನರ್ ಹಿಡಿದು ಅವರ ಹಿಂದೆಯೇ ಓಡಿ, ಮುಂದಾಗಿ, ಹೀಟರಿನ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತ. ಎರಡೂ ವಾಲ್ವ್‌ಗಳ ಹಿಡಿಯ ನಟ್ಟು ಬಿಚ್ಚಿದ. ಹಿಡಿಗಳನ್ನು ಕಿತ್ತು ಜೇಬಿಗೆ ಹಾಕಿಕೊಂಡ.

"ನನ್ ಬಿಲ್ಡಿಂಗಲ್ಲಿ ನನ್ ವಾಲ್ವ್ ಕೀಳ್ತೀಯೇನ್ಲಾ?"

"ಕೊಟ್ಟಿದ್ದು ನಾನೇ ಅಲ್ವಾ ಅಪ್ಪ."

"ಕಾಸ್ ಕೊಟ್ ತಗಂಡಿವ್ನಿ!"

"ಅರ್ಧ ಕೊಟ್ಟಿದ್ದು ಸಬ್ಸಿಡಿ. ಆಯಮ್ಮ ಯಾವತ್ ಬೇಕಾದ್ರೂ ಬರ್ತಾಳೆ. ಅಂಗ್ಡಿ ಹೋದ್ರೆ ನಿಮ್ ಪಕ್ಕಾನೇ ಬಂದ್ ಕೂತ್ಕೋತೀನಿ, ದಿನಾ ಮುಖ ನೋಡ್ಕೊಂಡ್ ಇರೋಣ."

ಬೈರಪ್ಪ ಹಿಡಿಯಿಲ್ಲದ ವಾಲ್ವ್‌ಗಳನ್ನು ನೋಡಿದರು. ಅಂಥ ಹಿಡಿ ವಿಜಯನಗರದ ಯಾವ ಹಾರ್ಡ್‌ವೇರ್ ಅಂಗಡಿಯಲ್ಲಿ ಬೇಕಾದರೂ ಸಿಗುತ್ತಿತ್ತು. ಅದೂ ಬೇಡ, ಇಕ್ಕಳದಲ್ಲಿ ಹಿಡಿದು ತಿರುಗಿಸಿದರೂ ಆಯಿತು. ಇದು ಇಬ್ಬರಿಗೂ ಗೊತ್ತಿತ್ತು. ಕೆಳಗಿನಿಂದ ಮುನಿತಾಯಮ್ಮ ನೀರು ಆರುತ್ತದೆಂದು ಕೂಗಿದಳು. ಬೈರಪ್ಪ ಮೀಯಲು ಇಳಿದುಹೋದರು.

ಮರುದಿನ ಬೆಳಕು ಹರಿಯುವ ಮೊದಲೇ ದರ್ಶನ್‌ಗೆ ಎಚ್ಚರವಾಯಿತು. ಗೋಡೆಗೆ ಕಿವಿ ಕೊಟ್ಟ. ಪೈಪಿನಲ್ಲಿ ನೀರು ಓಡುತ್ತಿತ್ತು. ಬಿಸಿನೀರೋ ತಣ್ಣೀರೋ? ಗೋಡೆಯೊಳಗೆ ಎರಡರ ಸದ್ದೂ ಒಂದೇ. ಎದ್ದು ಬಾಗಿಲಿಗೆ ಬಂದ. ಅಪ್ಪನ ಚಪ್ಪಲಿ ಅಲ್ಲಿರಲಿಲ್ಲ.

ಬರಿಗಾಲಲ್ಲಿ ಮೆಟ್ಟಿಲು ಹತ್ತಿದ. ಟೆರೇಸಿಗೆ ಹೊರಟಿದ್ದ ಬೈರಪ್ಪ ಸ್ವೆಟರು ಹಾಕಿಕೊಂಡು ಮೊದಲನೇ ಮಹಡಿಯ ತಿರುವಿನಲ್ಲೇ ನಿಂತುಬಿಟ್ಟಿದ್ದರು. ಕೈಯಲ್ಲಿ ಇಕ್ಕಳವಿತ್ತು. ಅಕ್ಕವ್ವನ ಬಚ್ಚಲ ಕಿಟಕಿಯಿಂದ ಆವಿ ದಟ್ಟವಾಗಿ ಹೊರಬರುತ್ತಿತ್ತು, ಪಂಪ್ ಸ್ಟವ್ವಿನ ಅಬ್ಬರ ಇರಲಿಲ್ಲ. ಒಳಗೆ ಮಗು ಚೀರುತ್ತಿತ್ತು, ಮೀಯಿಸುವಾಗ ಎಲ್ಲ ಮಕ್ಕಳೂ ಚೀರುವ ಹಾಗೆ.

"ಬಿಸ್ನೀರು ಇನ್ನೂ ಬತ್ತಾ ಐತಲ್ಲೋ," ಎಂದರು ಬೈರಪ್ಪ, ಕಿಟಕಿಯಿಂದ ಕಣ್ಣು ತೆಗೆಯದೆ.

ಅದು ದೂರೋ ಆಶ್ಚರ್ಯವೋ ದರ್ಶನ್‌ಗೆ ತಿಳಿಯಲಿಲ್ಲ. ಜೇಬಿನಲ್ಲಿದ್ದ ಹಿಡಿಗಳು ತೊಡೆಗೆ ತಣ್ಣಗೆ ಒತ್ತುತ್ತಿದ್ದವು. ಅಪ್ಪನನ್ನು ದಾಟಿಕೊಂಡು ಎರಡು ಮೆಟ್ಟಿಲು ಮೇಲಕ್ಕೆ ಹೋಗಿ, ಟೆರೇಸಿನ ದಾರಿಗೆ ಅಡ್ಡವಾಗಿ, ತಣ್ಣನೆಯ ಕಲ್ಲಿನ ಮೇಲೆ ಕೂತ. ಅಪ್ಪ ಇಳಿಯುವುದಾದರೆ ಇಳಿಯಬಹುದಿತ್ತು. ಹತ್ತಲು ಅವನು ಜಾಗ ಬಿಟ್ಟಿರಲಿಲ್ಲ.